ಅಳಿಯಸಂತಾನ: ತುಳುನಾಡಿನ ಮನೆಗಳು ಬದಲಾದ ಬಗೆ

ಅಳಿಯಸಂತಾನ ಅಥವಾ ಅಳಿಯಕಟ್ಟು ತುಳುನಾಡಿನಲ್ಲಿ ಶತಮಾನಗಳ ಕಾಲ ನಡೆದುಬಂದ ತಾಯಿವಂಶದ ಪದ್ಧತಿ. ಇದರಲ್ಲಿ ಗಂಡಸಿನ ಆಸ್ತಿ ಮತ್ತು ಮನೆತನದ ಯಜಮಾನಿಕೆ ಅವನ ಮಕ್ಕಳಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಸಲ್ಲುತ್ತಿತ್ತು. ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಕಾಸರಗೋಡಿನಲ್ಲೂ ಬಂಟರು, ಬಿಲ್ಲವರು, ಮೊಗವೀರರು, ಈ ನಾಡಿನ ಜೈನರಲ್ಲಿ ಬಹುಮಂದಿ ಮತ್ತು ಇನ್ನೂ ಕೆಲವು ಸಮುದಾಯದವರು ಇದನ್ನು ಪಾಲಿಸುತ್ತಿದ್ದರು. ಬ್ರಾಹ್ಮಣರು ಮತ್ತು ಇತರ ಕೆಲವರು ಮಕ್ಕಳಸಂತಾನದವರು; ಅವರಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಹೀಗೆ ಒಂದೇ ಗ್ರಾಮದ ಅಕ್ಕಪಕ್ಕದ ಮನೆಗಳಲ್ಲಿ ಎರಡು ಬೇರೆ ಬೇರೆ ಕಟ್ಟುಗಳು ನಡೆಯುತ್ತಿದ್ದವು.

ಅಳಿಯಸಂತಾನದಲ್ಲಿ ‘ಕುಟುಂಬ’ ಎಂದರೆ ಒಬ್ಬ ಮೂಲಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಹೆಣ್ಣಿನ ಕಡೆಯಿಂದ ಇಳಿದು ಬಂದವರೆಲ್ಲ. ಗಂಡುಮಕ್ಕಳೂ ಕುಟುಂಬದವರೇ, ಆದರೆ ಅವರ ಹೆಂಡತಿ ಮಕ್ಕಳು ಅಲ್ಲ. ಕುಟುಂಬದ ಒಂದೊಂದು ಕವಲಿಗೆ ‘ಕವರು’ ಎಂದು ಹೆಸರು. ಗದ್ದೆ, ತೋಟ, ಮನೆ ಎಲ್ಲವೂ ಇಡೀ ಕುಟುಂಬದ ಸೊತ್ತು; ಇಂತಿಷ್ಟು ನನ್ನದು ಎಂದು ಯಾರೂ ತೋರಿಸುವಂತಿರಲಿಲ್ಲ. ವಯಸ್ಸಿನಲ್ಲಿ ಹಿರಿಯರಾದವರು ಯಜಮಾನರಾಗುತ್ತಿದ್ದರು. ಹಿರಿಯರು ಹೆಂಗಸಾಗಿದ್ದರೆ ಅವರೇ ಯಜಮಾಂತಿ. ಮಲಬಾರಿನ ಮರುಮಕ್ಕತ್ತಾಯದಲ್ಲೂ ಆಸ್ತಿ ತಾಯಿಯ ಕಡೆಯಿಂದಲೇ ಇಳಿಯುತ್ತಿದ್ದರೂ ಆಡಳಿತ ಸಾಮಾನ್ಯವಾಗಿ ಹಿರಿಯ ಗಂಡಸಾದ ಕಾರಣವರ ಕೈಯಲ್ಲಿರುತ್ತಿತ್ತು. ತುಳುನಾಡಿನಲ್ಲಿ ಹೆಂಗಸಿಗೂ ಯಜಮಾನಿಕೆಯ ಹಕ್ಕಿತ್ತು. ರೂಢಿಯಲ್ಲಿ ಅವಳ ತಮ್ಮನೋ ಮಗನೋ ವ್ಯವಹಾರ ನೋಡಿಕೊಳ್ಳುತ್ತಿದ್ದುದೇ ಹೆಚ್ಚಾದರೂ ಆ ಹಕ್ಕು ಹಾಗೆಯೇ ಉಳಿದಿತ್ತು.

ಇನ್ನೊಂದು ವ್ಯತ್ಯಾಸವೂ ಇತ್ತು. ಮಲಬಾರಿನ ಬಹಳಷ್ಟು ತರವಾಡುಗಳಲ್ಲಿ, ಅಂದರೆ ತಾಯಿವಂಶದ ಕೂಡುಮನೆಗಳಲ್ಲಿ, ಹೆಂಗಸು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಇರುತ್ತಿದ್ದಳು. ತುಳುನಾಡಿನ ಹೆಣ್ಣು ಮದುವೆಯ ನಂತರ ಗಂಡನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಬಾಳುತ್ತಿದ್ದಳು, ದುಡಿಯುತ್ತಿದ್ದಳು, ಮಕ್ಕಳನ್ನು ಸಾಕುತ್ತಿದ್ದಳು. ಆದರೆ ಅವಳ ಹಕ್ಕು ಇದ್ದದ್ದು ಹುಟ್ಟಿದ ಮನೆಯಲ್ಲಿ. ಗಂಡ ತೀರಿಕೊಂಡರೆ, ಸಂಬಂಧ ಮುರಿದರೆ ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ ಹಿಂತಿರುಗುವುದು ವಾಡಿಕೆ. ಅಲ್ಲಿ ಅವಳು ಯಾರ ಹಂಗಿನಲ್ಲೂ ಇರಬೇಕಾಗಿರಲಿಲ್ಲ, ಏಕೆಂದರೆ ಆ ಮನೆಯ ಒಡೆತನದಲ್ಲಿ ಅವಳೂ ಒಬ್ಬಳು. ಅಂದರೆ ಒಂದೇ ಸೂರಿನಡಿ ಉಣ್ಣುವ ಗಂಡ ಒಂದು ಕುಟುಂಬದವನು, ಹೆಂಡತಿ ಮಕ್ಕಳು ಇನ್ನೊಂದು ಕುಟುಂಬದವರು. ಮಗ ಬೆಳೆಯುವುದು ಅಪ್ಪನ ಮನೆಯಲ್ಲಿ, ಅವನಿಗೆ ಹಕ್ಕಿರುವುದು ತುಳುವಿನಲ್ಲಿ ‘ತಮ್ಮಲೆ’ ಎಂದು ಕರೆಯುವ ಸೋದರಮಾವನ ಮನೆಯಲ್ಲಿ. ಪ್ರಾಯಕ್ಕೆ ಬಂದ ಹುಡುಗ ಮಾವನ ಮನೆಗೆ ಹೋಗಿ ಬೇಸಾಯ ನೋಡಿಕೊಳ್ಳುವುದು, ಒಕ್ಕಲುಗಳಿಂದ ಗೇಣಿಯ ಅಕ್ಕಿಮುಡಿ ಅಳೆಸಿಕೊಳ್ಳುವುದು, ದೈವದ ನೇಮದ ಹೊತ್ತಿಗೆ ಚಾವಡಿಯಲ್ಲಿ ಹಿರಿಯರ ಪಕ್ಕ ನಿಲ್ಲುವುದು, ಇವೆಲ್ಲ ಮುಂದಿನ ಯಜಮಾನಿಕೆಗೆ ತರಬೇತಿ.

ಈ ಏರ್ಪಾಡು ನಿಂತಿದ್ದದ್ದು ಪರಸ್ಪರ ನಿರೀಕ್ಷೆಗಳ ಮೇಲೆ. ಮಾವ ತನ್ನನ್ನು ಮುಂದೆ ತರುತ್ತಾನೆಂದು ಅಳಿಯ ಕಾದಿರುತ್ತಿದ್ದ. ತನ್ನ ಮುಪ್ಪಿಗೆ ಅಳಿಯನೇ ಆಸರೆಯೆಂದು ಮಾವ ನಂಬಿರುತ್ತಿದ್ದ. ತಂಗಿ ತನ್ನ ಪಾಲಿನ ಅಕ್ಕಿ, ಬಾಣಂತನ, ಮಕ್ಕಳ ಮದುವೆ ಎಲ್ಲಕ್ಕೂ ಅಣ್ಣನ ಕಡೆ ನೋಡುತ್ತಿದ್ದಳು. ಅಪ್ಪನಿಂದ ಮಾತ್ರ ಮಕ್ಕಳು ಪ್ರೀತಿಯ ಹೊರತು ಬೇರೇನನ್ನೂ ಎದುರುನೋಡುವಂತಿರಲಿಲ್ಲ. ಆದರೆ ಅಪ್ಪನ ಕರುಳು ಕಟ್ಟಿನ ಮಾತು ಕೇಳುವುದಿಲ್ಲ. ಅದಕ್ಕೆ ಪದ್ಧತಿಯೊಳಗೇ ಒಂದು ದಾರಿ ಇತ್ತು: ತನ್ನ ಮಗನಿಗೆ ತಂಗಿಯ ಮಗಳನ್ನು ತರುವುದು. ಆಗ ಮಗನಿಗೆ ನೇರವಾಗಿ ಏನೂ ಸಿಗದಿದ್ದರೂ ಮೊಮ್ಮಕ್ಕಳು ತಮ್ಮ ತಾಯಿಯ ಮೂಲಕ ಅಜ್ಜನ ಕುಟುಂಬದವರೇ ಆಗುತ್ತಿದ್ದರು. ಸೋದರಿಕೆಯ ಮದುವೆಗೆ ಈ ನಾಡಿನಲ್ಲಿದ್ದ ಬಲಕ್ಕೆ ಇದೂ ಒಂದು ಕಾರಣ.

ಕಟ್ಟಿನ ಹುಟ್ಟಿನ ಬಗ್ಗೆ ಜನರಲ್ಲಿ ಉಳಿದಿರುವುದು ಭೂತಾಳ ಪಾಂಡ್ಯನ ಕತೆ. ಅದಕ್ಕೆ ಹಲವು ರೂಪಗಳಿದ್ದರೂ ತಿರುಳು ಒಂದೇ. ದೇವಪಾಂಡ್ಯನೆಂಬ ಅರಸ ಹೊಸ ಹಡಗುಗಳನ್ನು ಕಡಲಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತ ಅಡ್ಡಬಂದು ನರಬಲಿ ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದಾದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಮುಂದೆ ಅವನೇ ಭೂತಾಳ ಪಾಂಡ್ಯನಾಗಿ, ಆಸ್ತಿ ಅಳಿಯಂದಿರಿಗೆ ಸಲ್ಲಬೇಕೆಂದು ಕಟ್ಟು ಮಾಡಿದ. ಇದು ಇತಿಹಾಸವಲ್ಲ. ಆದರೂ ಪದ್ಧತಿಯನ್ನು ಅನುಸರಿಸಿದವರು ಅದಕ್ಕೆ ಕೊಟ್ಟ ಸಮರ್ಥನೆ ಏನೆಂಬುದನ್ನು ಕತೆ ಸ್ಪಷ್ಟವಾಗಿ ಹೇಳುತ್ತದೆ: ಕುಟುಂಬಕ್ಕಾಗಿ ಕೊಡಲು ಸಿದ್ಧಳಾದವಳು ತಂಗಿ, ಆದ್ದರಿಂದ ಪಡೆಯುವ ಹಕ್ಕೂ ಅವಳ ಸಂತತಿಯದು. ಭೂತಾಳ ಪಾಂಡ್ಯನ ಹೆಸರಿನಲ್ಲಿ ಹದಿನಾರು ಕಟ್ಟುಗಳ ಒಂದು ಪಠ್ಯವೂ ಪ್ರಚಾರದಲ್ಲಿತ್ತು. ಅದು ಹೇಳಿಕೊಳ್ಳುವಷ್ಟು ಹಳೆಯದಲ್ಲವೆಂಬ ಸಂಶಯ 19ನೆಯ ಶತಮಾನದಲ್ಲೇ ಎದ್ದಿತ್ತು.

ಕತೆಯನ್ನು ಬದಿಗಿಟ್ಟರೂ, ಮಧ್ಯಕಾಲದ ಕೊನೆಯ ಹೊತ್ತಿಗೆ ತುಳುನಾಡಿನ ಅರಸುಮನೆತನಗಳಲ್ಲಿ ಈ ಪದ್ಧತಿ ಬೇರೂರಿತ್ತು. ಕಾರ್ಕಳದ ಭೈರರಸರು, ಮೂಡಬಿದಿರೆ, ಪುತ್ತಿಗೆ, ಉಳ್ಳಾಲಗಳ ಚೌಟರು, ಬಂಗರು, ವೇಣೂರಿನ ಅಜಿಲರು ಅಳಿಯಕಟ್ಟಿನವರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಪಟ್ಟಕ್ಕೆ ಬಂದದ್ದು ಸೋದರಮಾವ ತಿರುಮಲರಾಯ ಚೌಟನ ನಂತರ ಎಂದು ಪರಂಪರೆ ಹೇಳುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಮನೇಲ್ ಎಂಬಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಅವಳು ಬರಿಗಾಲಲ್ಲಿ ನಡೆದು ಬರುತ್ತಿದ್ದಳು, ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿದಿದ್ದರು, ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ತಾನೇ ಹೊರಟಿದ್ದಳು. ಆಡಂಬರದ ಯುರೋಪಿಯನ್ ಆಸ್ಥಾನಗಳನ್ನು ಕಂಡವನಿಗೆ ಅದು ವಿಸ್ಮಯ. ಇಲ್ಲಿನವರಿಗೆ ಅವಳು ಮನೆಯ ಹಿರಿಯಳು, ಬೇಸಾಯದ ಮೇಲೆ ಕಣ್ಣಿಡುವುದು ಅವಳ ಕೆಲಸವೇ.

1799ರಲ್ಲಿ ಟಿಪ್ಪುವಿನ ಪತನದ ನಂತರ ತುಳುನಾಡು ಸೇರಿದ್ದ ಕೆನರಾ ಇಂಗ್ಲಿಷರ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೊ. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಬಂಟರಲ್ಲಿ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಸೇರುವುದನ್ನು ದಾಖಲಿಸಿದ. ಕಂದಾಯದ ಲೆಕ್ಕದಲ್ಲಿ ಜಮೀನಿನ ಹಿಡುವಳಿಗೆ ‘ವರ್ಗ’ ಎಂದು ಹೆಸರು. ವರ್ಗ ಯಾರ ಹೆಸರಿನಲ್ಲಿದೆಯೋ ಅವನು ವರ್ಗದಾರ. ಕುಟುಂಬದ ಪರವಾಗಿ ಹೆಸರು ಕೊಟ್ಟ ಯಜಮಾನ ಕಾಗದದಲ್ಲಿ ಒಡೆಯನಂತೆ ಕಾಣತೊಡಗಿದ. ಸಾಲ ಎತ್ತಲು, ಅಡವು ಇಡಲು, ಕಾಯಂ ಗೇಣಿಯಾದ ಮೂಲಗೇಣಿಗೆ ಕೊಡಲು ಅವನ ಸಹಿ ಸಾಕಾಯಿತು. ಕುಟುಂಬಿಕರ ಅನುಮಾನಗಳೂ ಅಲ್ಲಿಂದಲೇ ಬೆಳೆದವು.

ಆ ಜಗಳಗಳು ಕೋರ್ಟು ಹತ್ತಿದವು. 1860ರ ದಶಕದಲ್ಲಿ ಮದ್ರಾಸ್ ಹೈಕೋರ್ಟ್ ಅಳಿಯಸಂತಾನದ ಬಗ್ಗೆ ಕೊಟ್ಟ ತೀರ್ಪುಗಳು ಮುಂದಿನ ಎಂಬತ್ತು ವರ್ಷಗಳ ಚೌಕಟ್ಟನ್ನು ನಿರ್ಧರಿಸಿದವು. ಅವುಗಳಲ್ಲಿ ಮುಖ್ಯವಾದದ್ದು 1863ರದು: ಉಳಿದವರ ಒಪ್ಪಿಗೆಯಿಲ್ಲದೆ ಕುಟುಂಬದ ಯಾರೊಬ್ಬರೂ ಪಾಲು ಕೇಳುವಂತಿಲ್ಲ. ಅಲ್ಲಿಯವರೆಗೆ ಊರಿನ ಹಿರಿಯರ ಸಮ್ಮುಖದಲ್ಲಿ ಅನುಕೂಲ ನೋಡಿ ಬೇರೆಯಾಗುತ್ತಿದ್ದ ಕವರುಗಳಿಗೆ ಇದು ಬಾಗಿಲು ಮುಚ್ಚಿದಂತಾಯಿತು. ಬಳಕೆಯಲ್ಲಿ ಬಾಗುತ್ತಿದ್ದ ಪದ್ಧತಿ ತೀರ್ಪಿನ ಪುಸ್ತಕದಲ್ಲಿ ಗಟ್ಟಿಯಾಯಿತು. ತುಳುನಾಡಿನ ಸಂಸಾರಗಳಿಗೆ ಬದಲಾವಣೆ ಅಷ್ಟು ಕಷ್ಟವಾದದ್ದಕ್ಕೆ ಪದ್ಧತಿಗಿಂತ ಈ ಬಿಗಿತವೇ ಹೆಚ್ಚು ಕಾರಣ ಎನ್ನಬೇಕು. ಮದುವೆಯ ವಿಷಯದಲ್ಲಿ ಕೋರ್ಟುಗಳು ಇನ್ನೂ ಕಠೋರವಾಗಿದ್ದವು. ಹೆಂಡತಿಗೆ ಗಂಡನಿಂದ ಜೀವನಾಂಶ ಕೇಳುವ ಹಕ್ಕಿಲ್ಲ, ಅವಳನ್ನು ಸಾಕಬೇಕಾದದ್ದು ಅವಳ ಕುಟುಂಬ ಎಂದಿತು ಒಂದು ತೀರ್ಪು. ಇಷ್ಟಬಂದಾಗ ಬಿಡಬಹುದಾದ ಸಂಬಂಧವನ್ನು ಕಾನೂನಿನ ದೃಷ್ಟಿಯಲ್ಲಿ ಮದುವೆಯೆಂದು ಪರಿಗಣಿಸಲಾಗದು ಎಂದಿತು 1883ರ ಇನ್ನೊಂದು ತೀರ್ಪು. ಚಪ್ಪರ ಹಾಕಿ, ಗುರುಹಿರಿಯರ ಎದುರು ಧಾರೆ ಎರೆದು ನಡೆದ ಮದುವೆಗಳ ಬಗ್ಗೆ ಹೀಗೆ ಬರೆದದ್ದು ಸಮುದಾಯಗಳನ್ನು ತೀವ್ರವಾಗಿ ನೋಯಿಸಿತು. ಮುಂದೆ ಕಾನೂನು ತಿದ್ದಬೇಕೆಂದು ಹೊರಟ ವಿದ್ಯಾವಂತರ ಮನಸ್ಸಿನಲ್ಲಿ ಆಸ್ತಿಯ ಪ್ರಶ್ನೆಯಷ್ಟೇ ಗೌರವದ ಪ್ರಶ್ನೆಯೂ ಇತ್ತು.

ಅಷ್ಟರಲ್ಲಿ ಮನೆಯ ಒಳಗೇ ಬದಲಾವಣೆ ಶುರುವಾಗಿತ್ತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಮಂಗಳೂರಿನಲ್ಲಿ ಇಂಗ್ಲಿಷ್ ಶಾಲೆ ಕಾಲೇಜುಗಳು, ಹೆಂಚಿನ ಕಾರ್ಖಾನೆಗಳು, ಕಾಫಿ ಗೋದಾಮುಗಳು ಇದ್ದವು; ವಕೀಲಿ ಮತ್ತು ಸರ್ಕಾರಿ ನೌಕರಿ ತೆರೆದಿದ್ದವು. 20ನೆಯ ಶತಮಾನದಲ್ಲಿ ಮುಂಬಯಿ ಕರೆಯಿತು. ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದರು. 1927ರಲ್ಲಿ ಅಲ್ಲಿ ಬಂಟರ ಸಂಘ ಹುಟ್ಟುವಷ್ಟು ಜನ ಸೇರಿದ್ದರು. ಮುಂಬಯಿಯ ಸಂಬಳ, ಹೋಟೆಲಿನ ಗಲ್ಲಾಪೆಟ್ಟಿಗೆ, ವಕೀಲರ ಫೀಸು ಇವು ಯಾವುದೂ ಕುಟುಂಬದ ಗದ್ದೆಯಿಂದ ಹುಟ್ಟಿದ್ದಲ್ಲ. ಈ ಹಣವನ್ನು ಗಳಿಸಿದವನು ಬದುಕಿರುವಾಗ ಇಷ್ಟಬಂದಂತೆ ಕೊಡಬಹುದಿತ್ತು. ಆದರೆ ಉಯಿಲು ಬರೆಯದೆ ಸತ್ತರೆ ಅದೂ ಕುಟುಂಬಕ್ಕೇ ಸೇರುತ್ತಿತ್ತು. ಹದಿನೈದು ವರ್ಷ ಜೊತೆಗಿದ್ದು ಅನ್ನ ಬೇಯಿಸಿದ ಹೆಂಡತಿಗೆ, ತನ್ನ ಕಣ್ಣೆದುರೇ ಬೆಳೆದ ಮಕ್ಕಳಿಗೆ ಏನೂ ಇಲ್ಲ. ಊರಿನಲ್ಲಿ ವರ್ಷಕ್ಕೊಮ್ಮೆ ಮುಖ ಕಾಣುವ ಅಳಿಯಂದಿರಿಗೆ ಎಲ್ಲ. ಪೇಟೆಯ ಬಾಡಿಗೆ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಮಾತ್ರ ಬಾಳತೊಡಗಿದ ಮೇಲೆ ಈ ಲೆಕ್ಕ ಮನಸ್ಸಿಗೆ ಒಪ್ಪುವುದು ಕಷ್ಟವಾಯಿತು.

ಹಾಗಾಗಿ ಅನೇಕರು ದಾನಪತ್ರ, ಉಯಿಲುಗಳ ಮೊರೆಹೊಕ್ಕರು. ಹೆಂಡತಿಯ ಹೆಸರಿನಲ್ಲೇ ಜಾಗ ಕೊಂಡರು. ಇದನ್ನು ಊರಿನಲ್ಲಿದ್ದವರು ಮೋಸವೆಂದು ಕಂಡರೆ ಅವರನ್ನೂ ದೂರುವಂತಿಲ್ಲ. ಮಾವನ ಬೇಸಾಯಕ್ಕೆ ಹರೆಯವನ್ನೆಲ್ಲ ಸವೆಸಿದ ಅಳಿಯನಿಗೆ ಸಿಕ್ಕಿದ್ದ ಭರವಸೆ ಒಂದೇ, ಅದೂ ಕಾಗದದ ಮೇಲಿರಲಿಲ್ಲ. ಮಾವನೂ ಹೆಚ್ಚಾಗಿ ಎರಡು ಕಡೆಯೂ ಸೀಳಿಹೋದವನೇ. ದುಡಿದದ್ದನ್ನು ಮಕ್ಕಳಿಗೆ ಕೊಟ್ಟರೆ ತಂಗಿಯ ಕಣ್ಣೀರು, ಕೊಡದಿದ್ದರೆ ಮನೆಯೊಳಗಿನ ಮೌನ. ತುಳುನಾಡಿನ ಸಮಾಜ ಈ ಹೊಯ್ದಾಟವನ್ನು ಎರಡು ಮೂರು ತಲೆಮಾರುಗಳ ಕಾಲ ಅನುಭವಿಸಿತು. ಮಲಬಾರಿನಲ್ಲಿ ಮರುಮಕ್ಕತ್ತಾಯ ಕಾಯ್ದೆ 1933ರಲ್ಲಿ ಜಾರಿಗೆ ಬಂದು ತರವಾಡುಗಳು ಪಾಲಾಗತೊಡಗಿದವು. ನೆರೆಯ ದಕ್ಷಿಣ ಕನ್ನಡ ಇನ್ನೂ ಹದಿನಾರು ವರ್ಷ ಕಾಯಬೇಕಾಯಿತು.

ಕೊನೆಗೆ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದು ಧಾರೆಯ ಮದುವೆಯನ್ನು ಕಾನೂನುಬದ್ಧ ಮದುವೆಯೆಂದು ಮಾನ್ಯ ಮಾಡಿತು, ಒಬ್ಬಳು ಹೆಂಡತಿ ಇರುವಾಗ ಇನ್ನೊಂದು ಮದುವೆಯನ್ನು ತಡೆಯಿತು, ಹೆಂಡತಿ ಮಕ್ಕಳ ಜೀವನಾಂಶದ ಹೊಣೆಯನ್ನು ಗಂಡನಿಗೆ ಹೊರಿಸಿತು. ಯಜಮಾನರು ಲೆಕ್ಕ ಒಪ್ಪಿಸಬೇಕಾಯಿತು. ಎಲ್ಲಕ್ಕಿಂತ ದೊಡ್ಡದು ಪಾಲಿನ ಹಕ್ಕು: ಕವರಿನ ಪ್ರಾಯಕ್ಕೆ ಬಂದವರಲ್ಲಿ ಬಹುಮತದವರು ಸೇರಿ ತಮ್ಮ ಪಾಲು ಕೇಳಿ ಬೇರೆಯಾಗಬಹುದಾಯಿತು. ಆದರೂ ಕಾಯ್ದೆ ತಾಯಿವಂಶದ ತತ್ವವನ್ನು ಕೈಬಿಟ್ಟಿರಲಿಲ್ಲ. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ‘ಸಂತತಿ ಕವರು’. ಇಲ್ಲದಿದ್ದರೆ ‘ನಿಸ್ಸಂತತಿ ಕವರು’. ಕುಟುಂಬದಲ್ಲಿ ಸಂತತಿ ಮುಂದುವರಿಸುವ ಕವಲು ಇರುವಾಗ ನಿಸ್ಸಂತತಿ ಕವರಿಗೆ ಸಿಗುತ್ತಿದ್ದ ಪಾಲು ಜೀವಿತಾವಧಿಗೆ ಮಾತ್ರ. ಆಮೇಲೆ ಅದು ಕುಟುಂಬಕ್ಕೆ ಮರಳಬೇಕು. ತಾಯಿ ತೀರಿಹೋಗಿ, ಅಕ್ಕತಂಗಿಯರಿಲ್ಲದೆ ಒಬ್ಬನೇ ಉಳಿದ ಗಂಡಸು ಪಾಲು ಪಡೆದು ತೋಟ ಮಾಡಿದರೂ ಅದು ಅವನ ಮಕ್ಕಳಿಗೆ ಉಳಿಯುತ್ತಿರಲಿಲ್ಲ. ವಂಶ ಬೆಳೆಯುವುದು ಹೆಣ್ಣಿನಿಂದ ಎಂಬ ನಂಬಿಕೆ ಇಲ್ಲಿ ಕಾಯ್ದೆಯ ಭಾಷೆಯಲ್ಲಿ ಕೊನೆಯ ಬಾರಿಗೆ ಪೂರ್ಣವಾಗಿ ಕಾಣಿಸಿಕೊಂಡಿತು.

ಏಳು ವರ್ಷಗಳಲ್ಲಿ ಅದರ ಬುನಾದಿಯೂ ಸಡಿಲವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದವರನ್ನು ಹೆಸರಿಸಿಯೇ ನಿಯಮ ಮಾಡಿತು. ಕುಟುಂಬದ ಸದಸ್ಯರೊಬ್ಬರು ಸತ್ತರೆ, ಆ ಹೊತ್ತಿಗೆ ತಲೆಗೊಂದರಂತೆ ಪಾಲಾಗಿದ್ದರೆ ಅವರಿಗೆ ಎಷ್ಟು ಬರುತ್ತಿತ್ತೋ ಅಷ್ಟು ಅವರದೇ ಎಂದು ಎಣಿಸಿ ವಾರಸುದಾರರಿಗೆ ಕೊಡಬೇಕು. ಆ ಪಾಲಿಗೆ ಉಯಿಲನ್ನೂ ಬರೆಯಬಹುದು. ಉಯಿಲಿಲ್ಲದೆ ಗಂಡಸು ಸತ್ತರೆ ಅವನ ಪಾಲು ಮಗ, ಮಗಳು, ಹೆಂಡತಿ, ತಾಯಿ ಇವರಿಗೆ. ಅಕ್ಕತಂಗಿಯರ ಮಕ್ಕಳು ಆ ಮೊದಲ ಸಾಲಿನಲ್ಲಿಲ್ಲ. ಹೆಂಗಸಿನ ಆಸ್ತಿಯ ವಿಷಯದಲ್ಲಿ ಮಾತ್ರ ಹಳೆಯ ಕಟ್ಟಿನ ಗುರುತು ಉಳಿಯಿತು: ಅಳಿಯಸಂತಾನದ ಹೆಂಗಸಿನ ವಾರಸುದಾರರಲ್ಲಿ ಮಕ್ಕಳ ಜೊತೆ ಮೊದಲ ಸಾಲಿನಲ್ಲಿ ನಿಲ್ಲುವವಳು ಅವಳ ತಾಯಿ, ಗಂಡ ಅವಳ ನಂತರ. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಒಂದೇ ಕುಟುಂಬದ ಕವರುಗಳು ಎರಡು ರಾಜ್ಯಗಳ ಕಾನೂನಿಗೆ ಒಳಪಟ್ಟವು. ಕೇರಳ 1975ರ ಕಾಯ್ದೆಯ ಮೂಲಕ ಹಿಂದೂ ಅವಿಭಕ್ತ ಕುಟುಂಬ ವ್ಯವಸ್ಥೆಯನ್ನೇ ರದ್ದುಮಾಡಿದಾಗ ಅದರ ವ್ಯಾಪ್ತಿಗೆ ತರವಾಡು, ಅದರ ಕವಲುಗಳಾದ ತಾವಳಿಗಳ ಜೊತೆ ಅಳಿಯಸಂತಾನದ ಕುಟುಂಬ, ಕವರುಗಳೂ ಬಂದವು.

ಕರ್ನಾಟಕದ ಕಡೆ ಕುಟುಂಬಗಳನ್ನು ಉತ್ತರಾಧಿಕಾರ ಕಾಯ್ದೆಗಿಂತ ಹೆಚ್ಚು ಅಲುಗಿಸಿದ್ದು ಭೂಸುಧಾರಣೆ. ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಜಮೀನು ಉಳುವವನದಾಯಿತು. ವರ್ಷವರ್ಷದ ಚಾಲಗೇಣಿಯ ಒಕ್ಕಲುಗಳು ಹೆಚ್ಚಾಗಿದ್ದ ಈ ಜಿಲ್ಲೆಯಲ್ಲಿ ಜನ ಉತ್ತ ಜಮೀನಿನ ಹಕ್ಕು ಕೋರಿ ಸಾಲುಗಟ್ಟಿ ‘ಡಿಕ್ಲರೇಶನ್’ ಅರ್ಜಿ ಕೊಟ್ಟರು. ಗೇಣಿಯ ಅಕ್ಕಿ ಮುಡಿಗಳಿಂದಲೇ ನಡೆಯುತ್ತಿದ್ದ ಗುತ್ತು, ಬರ್ಕೆ, ಬೀಡುಗಳೆಂಬ ದೊಡ್ಡ ಮನೆತನಗಳ ಚಾವಡಿ ಕೆಲವೇ ವರ್ಷಗಳಲ್ಲಿ ಬರಿದಾಯಿತು. ತಲೆಮಾರುಗಳಿಂದ ಉತ್ತವರಿಗೆ ಅದು ಬಿಡುಗಡೆ. ಆ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಧಣಿಗಳ ಕಡೆಯೂ ನಷ್ಟ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ. ಓದಿ ಹೊರಗೆ ಹೋದ ಗಂಡುಮಕ್ಕಳಿಗೆ ಬೇರೆ ನೆಲೆ ಇತ್ತು. ತಾಯಿಮನೆಯ ಅಕ್ಕಿಯನ್ನೇ ನಂಬಿದ್ದ ವಿಧವೆಯರಿಗೆ, ಒಂಟಿ ಹೆಂಗಸರಿಗೆ ಇರಲಿಲ್ಲ. ಒಕ್ಕಲುಗಳಲ್ಲೂ ಬಿಲ್ಲವರಂಥ ಅಳಿಯಸಂತಾನದವರು ಬಹಳ ಇದ್ದರು. ಅವರಿಗೆ ಹೊಸದಾಗಿ ಬಂದ ಒಡೆತನ ಎಷ್ಟೋ ಕಡೆ ಮನೆಯ ಗಂಡಸಿನ ಹೆಸರಿಗೆ ದಾಖಲಾಯಿತು.

ತಾಯಿವಂಶದ ಪದ್ಧತಿ ಸಡಿಲವಾದದ್ದನ್ನು ಸುಧಾರಣೆಯೆಂದು ಬರೆಯುವಾಗ ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಅಪ್ಪಂದಿರು ಮಕ್ಕಳಿಗೆ ತಮ್ಮ ದುಡಿಮೆಯನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಪಡೆದರು, ಹೆಂಡತಿಗೆ ಗಂಡನ ಆಸ್ತಿಯಲ್ಲಿ ಹಕ್ಕು ಬಂತು. ಇವು ನಿಜವಾದ ಲಾಭಗಳು. ಆದರೆ ಹುಟ್ಟಿನಿಂದಲೇ ತಾಯಿಮನೆಯಲ್ಲಿ ಹೆಣ್ಣಿಗಿದ್ದ ಹಕ್ಕು ಮಸುಕಾಯಿತು. ದೇಶದ ಉಳಿದ ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಮಗಳಿಗೆ ಹುಟ್ಟಿನಿಂದ ಪಾಲಿನ ಹಕ್ಕು ಕೊಡಲು ಕರ್ನಾಟಕದಲ್ಲಿ 1994ರ ತನಕ, ಇಡೀ ದೇಶಕ್ಕೆ 2005ರ ತನಕ ಕಾಯಬೇಕಾಯಿತು. ಅಳಿಯಸಂತಾನದ ಹೆಣ್ಣಿಗೆ ಹುಟ್ಟಿನಿಂದ ಬರುವ ಒಡೆತನ ಶತಮಾನಗಳಿಂದ ಇದ್ದ ಹಕ್ಕು. ವರದಕ್ಷಿಣೆಗೆ ಹೆಚ್ಚು ಅವಕಾಶವಿರದಿದ್ದ ಸಮುದಾಯಗಳಲ್ಲಿ ಅದು ಹಬ್ಬಿದ್ದೂ ಈ ಬದಲಾವಣೆಯ ಕಾಲದಲ್ಲೇ.

ಆಸ್ತಿಯ ಕಟ್ಟು ಹೋದರೂ ವಂಶದ ಕಟ್ಟು ಹೋಗಿಲ್ಲ. ‘ಬಳಿ’ ಅಥವಾ ತುಳುವಿನ ‘ಬರಿ’ ಇಂದಿಗೂ ತಾಯಿಯಿಂದಲೇ ಬರುತ್ತದೆ. ಒಂದೇ ಬಳಿಯವರಲ್ಲಿ ಮದುವೆಯಿಲ್ಲ, ಸಂಬಂಧ ಕೂಡಿಸುವವರು ಇದನ್ನು ಮೊದಲೇ ಕೇಳಿಕೊಳ್ಳುತ್ತಾರೆ. ಗುತ್ತಿನ ಯಜಮಾನ ತೀರಿಕೊಂಡಾಗ ಗಡಿ ಹಿಡಿಯುವ, ಅಂದರೆ ಗುತ್ತಿನ ಪಟ್ಟಕ್ಕೆ ಏರುವ, ಅಧಿಕಾರ ಅನೇಕ ಮನೆತನಗಳಲ್ಲಿ ಮಗನಿಗಲ್ಲ, ಹೆಣ್ಣಿನ ಕಡೆಯ ಸಂತತಿಗೆ ಸಲ್ಲುತ್ತದೆ. ಆ ಗಡಿಯ ಹಿಂದೆ ಈಗ ಗೇಣಿಯ ಆದಾಯವಿಲ್ಲ. ದೈವದ ಚಾವಡಿಯನ್ನು ದುರಸ್ತಿ ಮಾಡಿಸಲು, ವರ್ಷದ ನೇಮ ನಡೆಸಲು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ಕುಟುಂಬಿಕರು ಹಣ ಕೂಡಿಸುತ್ತಾರೆ. ಕೆಲವರು ಇದಕ್ಕಾಗಿಯೇ ಟ್ರಸ್ಟ್ ಮಾಡಿಕೊಂಡಿದ್ದಾರೆ. ಅಲ್ಲಿ ಸೇರುವವರು ಆಸ್ತಿಯಲ್ಲಿ ಒಬ್ಬರಿಗೊಬ್ಬರು ಏನೂ ಕೇಳುವ ಹಾಗಿಲ್ಲ. ಅವರ ಮಕ್ಕಳ ಶಾಲಾ ದಾಖಲೆಯಲ್ಲಿ ಹೆಚ್ಚಾಗಿ ತಂದೆಯ ಉಪನಾಮವಿರುತ್ತದೆ, ದೈವದ ಎದುರು ಪ್ರಾರ್ಥನೆ ಮಾಡುವಾಗ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಾಯಿಯ ಕುಟುಂಬದವರೆಂದು.